ಮನೆ-ಮ್ಯೂಸಿಯಂನಲ್ಲಿ ಕಾರ್ಯಕ್ರಮ ಜಾಸ್ತಿ ಆಯ್ತು, ಕೆಲಸಕ್ಕೆ ಬರುವವರು ಕಮ್ಮಿ ಆದರು. ನಿಮ್ಮಲ್ಲಿ ಹೇಗೆ?

ಮೂರನೇಮೆಟ್ಟಿಲು
ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದಿಂದ ಒಂದು ಹಳೆಯ ಮನೆಯಲ್ಲಿ ಸ್ವಯಂಸೇವಕಿಯಾಗಿದ್ದೇನೆ. ಆ ಮನೆ ಈಗ ಮ್ಯೂಸಿಯಂ. ಅಲ್ಲಿ ಬಾಳಿದವರ ಮಂಚ, ಕನ್ನಡಿ, ಪುಸ್ತಕ, ಹೊಲಿಗೆ ಯಂತ್ರ ಎಲ್ಲ ಇದ್ದಲ್ಲೇ ಇವೆ. ಭಾನುವಾರ ಬಂದವರಿಗೆ ಕೋಣೆ ತೋರಿಸುತ್ತೇನೆ, ಧೂಳು ತೆಗೆಯುತ್ತೇನೆ, ಸಂಜೆ ಕಿಟಕಿ ಹಾಕಿ ಬೀಗ ಒಪ್ಪಿಸುತ್ತೇನೆ.

ಮೊದಲು ವರ್ಷಕ್ಕೆ 4 ಕಾರ್ಯಕ್ರಮ ಇರುತ್ತಿದ್ದವು. ಈಗ ತಿಂಗಳಿಗೆ 3. ಕಥೆ ಓದುವ ಸಂಜೆ, ಸಂಗೀತ, ಮಕ್ಕಳ ಚಿತ್ರಕಲೆ, ಹಳೇ ಫೋಟೋ ತರುವ ದಿನ. ಜನ ಬರುತ್ತಾರೆ, ಅದು ಖುಷಿಯೇ. ಆದರೆ ಕಳೆದ ತಿಂಗಳು 40 ಜನ ಹಿಡಿಯುವ ಹಾಲ್‌ಗೆ 90 ಜನ ಬಂದರು. ಕೂರಲು ಜಾಗ ಸಾಲದೆ ಯಾರೋ ಪಕ್ಕದ ಕೋಣೆಯ ಬೆತ್ತದ ಕುರ್ಚಿ ಎಳೆದು ತಂದರು. ಸ್ವಲ್ಪ ಹೊತ್ತಿಗೆ ಪಟ್ ಅಂತ ಸದ್ದು. ಮುಂದಿನ ಅಂಚಿನಲ್ಲಿ ಬೆತ್ತ ಸಾಲಾಗಿ ಕಿತ್ತು ಬಂದಿತ್ತು. ಅಷ್ಟು ವರ್ಷ ಆ ಕುರ್ಚಿಯನ್ನು ಒರೆಸಿದ ಕೈ ನನ್ನದು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ನಾವು 22 ಜನ ಇದ್ದವರು ಈಗ 13 ಆಗಿದ್ದೇವೆ. ಕಾರ್ಯಕ್ರಮ ನಿಲ್ಲಿಸಿ ಅಂತ ಸಮಿತಿಗೆ ಹೇಳಬೇಕಾ? ಅಥವಾ ನಾನೇ ಅತಿಯಾಗಿ ಯೋಚನೆ ಮಾಡುತ್ತಿದ್ದೇನಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಗಾಳಿಕಿಟಕಿ
ನಿಲ್ಲಿಸಬೇಡಿ. ಜನ ಓಡಾಡದ ಮನೆ ಬೇಗ ಹಾಳಾಗುತ್ತದೆ. ಕಾರ್ಯಕ್ರಮ ಇದ್ದರೆ ತಾನೇ ಸೂರು ಸೋರುವುದು ಯಾರದಾದರೂ ಕಣ್ಣಿಗೆ ಬೀಳುವುದು?

ಬೀಗದಕೈ
ಗಾಳಿಕಿಟಕಿಯವರೇ, ಜನ ವಾಸ ಮಾಡುವುದು ಬೇರೆ, 90 ಜನ ಒಂದೇ ಸಲ ನುಗ್ಗುವುದು ಬೇರೆ. ಮನೆಯವರು ಕುರ್ಚಿಯಲ್ಲಿ ಕೂತರೆ ಅದು ಹಾಳಾದಾಗ ರಿಪೇರಿ ಮಾಡಿಸುತ್ತಿದ್ದರು, ಇಲ್ಲ ಹೊಸದು ತರುತ್ತಿದ್ದರು. ಮ್ಯೂಸಿಯಂನಲ್ಲಿ ಹೊಸದು ತರುವ ಹಾಗಿಲ್ಲ ಅಲ್ವಾ? ಮ್ಯೂಸಿಯಂ ಬಾಡಿಗೆ ಹಾಲ್ ಅಲ್ಲ. ನನ್ನ ಪ್ರಕಾರ ಒಳಗೆ ಕಾರ್ಯಕ್ರಮವೇ ಬೇಡ.

ಗಾಳಿಕಿಟಕಿ
ಹಾಗಾದರೆ ದುಡ್ಡು ಎಲ್ಲಿಂದ ಬರಬೇಕು? ಟಿಕೆಟ್ ದುಡ್ಡಿನಲ್ಲಿ ಸೂರು ರಿಪೇರಿ ಆಗುತ್ತದಾ?

ಮೆತ್ತನೆಬ್ರಷ್
ನಾನು ವಸ್ತು ಸಂರಕ್ಷಣೆಯ ಕೆಲಸದಲ್ಲಿದ್ದೇನೆ. ಮೂರನೇಮೆಟ್ಟಿಲು ಅವರೇ, ನೀವು ಅತಿಯಾಗಿ ಯೋಚನೆ ಮಾಡುತ್ತಿಲ್ಲ. ಕುರ್ಚಿ ಮುರಿದದ್ದು ಕಣ್ಣಿಗೆ ಕಂಡಿತು. ಕಾಣದೆ ಆಗುವುದು ಅದಕ್ಕಿಂತ ಜಾಸ್ತಿ.

ಸುಮ್ನೆ ಕೂತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವಾಟ್ ಶಾಖ ಬರುತ್ತದೆ. 90 ಜನ ಅಂದರೆ ಮುಚ್ಚಿದ ಕೋಣೆಯಲ್ಲಿ 9 ಕಿಲೋವಾಟ್ ಹೀಟರ್ ಹಚ್ಚಿಟ್ಟ ಹಾಗೆ. ಜೊತೆಗೆ ಉಸಿರಿನ ತೇವ, ಬೆವರಿನ ತೇವ. ಕಾರ್ಯಕ್ರಮ ಮುಗಿದು ಬಾಗಿಲು ತೆಗೆದ ತಕ್ಷಣ ಎಲ್ಲ ಇಳಿಯುತ್ತದೆ. ಮರ ತೇವ ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಒಂದೇ ಹಲಗೆ ಆದರೆ ತಡೆದುಕೊಳ್ಳಬಹುದು. ಮೇಲೆ ತೆಳು ಮರದ ಪದರ ಅಂಟಿಸಿದ ಬೀರು ಇದ್ದರೆ ಪದರವೇ ಏಳುತ್ತದೆ. ಮರಕ್ಕೆ ತೇವಕ್ಕಿಂತ ಈ ಏರಿಳಿತ ಕೆಟ್ಟದ್ದು.

ಇನ್ನು ಧೂಳು. ಮನೆ-ಮ್ಯೂಸಿಯಂನ ಒಳಗಿನ ಧೂಳಿನಲ್ಲಿ ಬಹುಪಾಲು ಬಂದವರ ಬಟ್ಟೆ, ಚಪ್ಪಲಿ, ಚರ್ಮದಿಂದ ಬರುವುದು. ಜನ ನಡೆಯುವ ದಾರಿಯ ಪಕ್ಕದ ಮೇಜಿನ ಮೇಲೆ ಬೆರಳಾಡಿಸಿ, ಕೋಣೆಯ ಆ ತುದಿಯ ಮೇಜಿನ ಮೇಲೂ ಆಡಿಸಿ ನೋಡಿ. ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಧೂಳಿನ ಮೇಲೆ ತೇವ ಕೂತರೆ ಅದು ಅಂಟಿಕೊಂಡು ಬಿಡುತ್ತದೆ. ಆಮೇಲೆ ಬ್ರಷ್‌ಗೆ ಬರುವುದಿಲ್ಲ.

ಆದರೂ ಬೀಗದಕೈ ಅವರ ಮಾತು ಒಪ್ಪುವುದಿಲ್ಲ. ಕಾರ್ಯಕ್ರಮ ಮಾಡಬಹುದು. ಎಷ್ಟು ಜನ, ಯಾವ ಕೋಣೆ, ಎಷ್ಟು ಹೊತ್ತು ಅನ್ನುವುದನ್ನು ಮನೆ ನೋಡಿ ತೀರ್ಮಾನಿಸಬೇಕು.

ಹಿತ್ತಲಬಾಗಿಲು
40ರ ಹಾಲ್‌ಗೆ 90 ಜನರನ್ನು ಬಿಟ್ಟವರು ಯಾರು? ಬಾಗಿಲಲ್ಲಿ ಎಣಿಸುವವರು ಇರಲಿಲ್ವಾ?

ಮೂರನೇಮೆಟ್ಟಿಲು
ಇದ್ದರು. ಕಾಲೇಜು ಓದುವ ಹುಡುಗ, ಅವತ್ತೇ ಅವನ ಮೊದಲ ದಿನ. 40 ಆದಾಗ ಸಾಕು ಅಂದನಂತೆ. ಆಯೋಜಕರೇ "ಬಂದವರನ್ನು ವಾಪಸ್ ಕಳಿಸಬೇಡ" ಅಂದರು. ಹುಡುಗನ ತಪ್ಪು ಏನೂ ಇಲ್ಲ.

ಹಳೇಪತ್ರ
ಇತಿಹಾಸದ ಒಂದು ಮಾತು ಹೇಳುತ್ತೇನೆ. ಇಂಥ ಮನೆಗಳನ್ನು ಉಳಿಸಿದವರೇ ಸ್ವಯಂಸೇವಕರು. ಅಮೆರಿಕದಲ್ಲಿ ಜಾರ್ಜ್ ವಾಷಿಂಗ್ಟನ್ ಅವರ ಮನೆ ಮೌಂಟ್ ವರ್ನನ್ ಬೀಳುವ ಸ್ಥಿತಿಯಲ್ಲಿತ್ತು. ಸರ್ಕಾರ ಕೊಳ್ಳಲಿಲ್ಲ. ಆನ್ ಪಮೇಲಾ ಕನ್ನಿಂಗ್‌ಹ್ಯಾಮ್ ಅನ್ನುವ ಹೆಣ್ಣುಮಗಳು 1853ರಲ್ಲಿ ಹೆಂಗಸರ ಸಂಘ ಕಟ್ಟಿದರು. ಊರೂರಲ್ಲಿ ಚಂದಾ ಎತ್ತಿ 2 ಲಕ್ಷ ಡಾಲರ್‌ಗೆ ಮನೆ ಕೊಳ್ಳುವ ಒಪ್ಪಂದ ಆದದ್ದು 1858ರಲ್ಲಿ. ಆಗ ಅಲ್ಲಿ ಹೆಂಗಸರಿಗೆ ಓಟು ಕೂಡ ಇರಲಿಲ್ಲ! ಇವತ್ತಿಗೂ ಆ ಮನೆ ಅದೇ ಸಂಘದ ಕೈಯಲ್ಲಿದೆ. ಜಗತ್ತಿನ ಮೊದಲ ಮನೆ-ಮ್ಯೂಸಿಯಂ ಅದು.

ಅಡಿಟಿಪ್ಪಣಿ
ಕಥೆ ಚೆನ್ನಾಗಿದೆ, ಕೊನೆಯ ಸಾಲು ಮಾತ್ರ ತಪ್ಪು. ಅಮೆರಿಕದಲ್ಲೇ ನ್ಯೂಬರ್ಗ್‌ನ ಹ್ಯಾಸ್‌ಬ್ರೂಕ್ ಮನೆಯನ್ನು ನ್ಯೂಯಾರ್ಕ್ ರಾಜ್ಯ 1850ರಲ್ಲೇ ತೆಗೆದುಕೊಂಡು ಕಾಪಾಡಿತು. ಅದು ವಾಷಿಂಗ್ಟನ್ ಅವರ ಯುದ್ಧಕಾಲದ ಬಿಡಾರ. ಅದಕ್ಕೂ ಮೊದಲು ಲಂಡನ್‌ನಲ್ಲಿ ಜಾನ್ ಸೋನ್ ಅನ್ನುವ ವಾಸ್ತುಶಿಲ್ಪಿ ಇದ್ದರು. ತಮ್ಮ ಮನೆಯನ್ನು ಇದ್ದ ಹಾಗೇ ಉಳಿಸಬೇಕು ಅಂತ 1833ರಲ್ಲಿ ಪಾರ್ಲಿಮೆಂಟಿನಲ್ಲಿ ಕಾಯ್ದೆಯನ್ನೇ ಮಾಡಿಸಿದರು. ಅವರು ತೀರಿಕೊಂಡದ್ದು 1837ರಲ್ಲಿ.

ಹಳೇಪತ್ರ
ಸರಿ, ತಿದ್ದಿಕೊಂಡೆ. ಧನ್ಯವಾದ.

ದೀಪದಕುಡಿ
ಸೋನ್ ಮ್ಯೂಸಿಯಂ ಹೆಸರು ಬಂತಲ್ಲ, ಅಲ್ಲಿನ ಮೇಣದಬತ್ತಿ ಬೆಳಕಿನ ಸಂಜೆಗಳು ತುಂಬಾ ಹೆಸರುವಾಸಿ. ಹಳೇ ಮನೆಯನ್ನು ಹಳೇ ಬೆಳಕಿನಲ್ಲಿ ನೋಡುವುದೇ ಬೇರೆ. ನಾವೂ ಮಾಡೋಣ ಅಂತಿದ್ದೇವೆ.

ಬೀಗದಕೈ
ದಯವಿಟ್ಟು ಬೇಡ. ಇಂಗ್ಲೆಂಡ್‌ನ ಕ್ಲಾಂಡನ್ ಪಾರ್ಕ್ ಅನ್ನುವ ಹಳೇ ಬಂಗಲೆ 2015ರಲ್ಲಿ ಮೇಣದಬತ್ತಿಯಿಂದಲೇ ಸುಟ್ಟು ಹೋಯಿತು.

ಅಡಿಟಿಪ್ಪಣಿ
ಅಲ್ಲ. ಕ್ಲಾಂಡನ್ ಬೆಂಕಿಗೆ ಕಾರಣ ನೆಲಮಾಳಿಗೆಯ ವಿದ್ಯುತ್ ಬೋರ್ಡ್‌ನಲ್ಲಿದ್ದ ದೋಷ. 1989ರಲ್ಲಿ ಅಪ್‌ಪಾರ್ಕ್ ಅನ್ನುವ ಇನ್ನೊಂದು ಮನೆ ಸುಟ್ಟದ್ದು ಸೂರಿನ ಸೀಸದ ತಗಡು ರಿಪೇರಿ ಮಾಡುವಾಗ. ಬೆಸುಗೆಯ ಜ್ವಾಲೆಯಿಂದ ಹತ್ತಿಕೊಂಡದ್ದು. ಹಾಗಂತ ಮೇಣದಬತ್ತಿ ಸರಿ ಅನ್ನುತ್ತಿಲ್ಲ. ಹಳೇ ವೈರಿಂಗ್ ಇರುವ ಮನೆಗೆ ಕಾರ್ಯಕ್ರಮದವರು ತರುವ ದೊಡ್ಡ ಲೈಟು, ಸ್ಪೀಕರ್, ಒಂದಕ್ಕೊಂದು ಸಿಕ್ಕಿಸಿದ ಎಕ್ಸ್‌ಟೆನ್ಶನ್ ಬಾಕ್ಸ್ ಇವೆಯಲ್ಲ, ನನಗೆ ಅವುಗಳದ್ದೇ ಹೆಚ್ಚು ಭಯ.

ಮೆತ್ತನೆಬ್ರಷ್
ಅಪ್‌ಪಾರ್ಕ್ ಮಾತು ಬಂದದ್ದು ಒಳ್ಳೆಯದಾಯಿತು. ಬೆಂಕಿ ಮೇಲಿಂದ ಇಳಿಯುತ್ತಿದ್ದರೂ ಕೆಳಗಿನ ಕೋಣೆಗಳ ಬಹುಪಾಲು ವಸ್ತುಗಳನ್ನು ಅಲ್ಲಿದ್ದವರು ಹೊರಗೆ ಸಾಗಿಸಿದರು. ಮನೆಯನ್ನು ಮತ್ತೆ ಕಟ್ಟಿ 1995ರಲ್ಲಿ ತೆರೆದರು. ಮೂರನೇಮೆಟ್ಟಿಲು ಅವರೇ, ನಿಮ್ಮಲ್ಲಿ ಬೆಂಕಿ ಬಿದ್ದರೆ ಮೊದಲು ಯಾವ ವಸ್ತು ತೆಗೆಯಬೇಕು ಅನ್ನುವ ಪಟ್ಟಿ ಇದೆಯಾ? ಕಾರ್ಯಕ್ರಮದ ದಿನ ಕೆಲಸ ಮಾಡುವವರಿಗೆಲ್ಲ ಅದು ಗೊತ್ತಿರಬೇಕು.

ಮೂರನೇಮೆಟ್ಟಿಲು
ಇಲ್ಲ. ಇವತ್ತೇ ಕೇಳುತ್ತೇನೆ.

ಕಿರುಬೆರಳು
ದೀಪದಕುಡಿ ಅವರೇ, ಬ್ಯಾಟರಿ ಮೇಣದಬತ್ತಿ ಸಿಗುತ್ತವೆ. ಮಿನುಗುತ್ತವೆ ಕೂಡ. ಮೇಣ ಸೋರಲ್ಲ, ಮಸಿ ಏರಲ್ಲ. ನಾವು ಎರಡು ವರ್ಷದಿಂದ ಅದನ್ನೇ ಬಳಸುತ್ತಿದ್ದೇವೆ.

ದೀಪದಕುಡಿ
ಮಸಿಯ ಯೋಚನೆ ನನಗೆ ಬಂದೇ ಇರಲಿಲ್ಲ. ಮೇಲಿನ ಚಿತ್ತಾರದ ಸೂರು ಬಿಳಿ. ಬ್ಯಾಟರಿಯದ್ದೇ ತರುತ್ತೇವೆ.

ಅಲೆಮಾರಿ_ಓದುಗ
ಒಂದು ಪ್ರಶ್ನೆ. ಫ್ಲಾಶ್ ಹಾಕಿ ಫೋಟೋ ತೆಗೆಯಬೇಡಿ ಅನ್ನುತ್ತಾರಲ್ಲ, ಅದರಿಂದ ಬಣ್ಣ ಹೋಗುವುದು ನಿಜವಾ?

ಮೆತ್ತನೆಬ್ರಷ್
ಫೋನಿನ ಫ್ಲಾಶ್ ಕ್ಷಣದ ಬೆಳಕು, ಅದರ ಪಾಲು ಬಹಳ ಕಮ್ಮಿ. ಕಿಟಕಿಯಿಂದ ದಿನಪೂರ್ತಿ ಬೀಳುವ ಬಿಸಿಲೇ ದೊಡ್ಡ ಶತ್ರು. ಬಟ್ಟೆ, ಜಲವರ್ಣದ ಚಿತ್ರಗಳಿಗೆ 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಬೆಳಕು ಸಾಕು ಅನ್ನುವುದು ಮ್ಯೂಸಿಯಂಗಳ ರೂಢಿ. ಬೆಳಕಿನ ಏಟು ಕೂಡುತ್ತಾ ಹೋಗುತ್ತದೆ, ವಾಸಿ ಆಗುವುದಿಲ್ಲ. ಆದ್ದರಿಂದ ಕಾರ್ಯಕ್ರಮ ಮುಗಿದ ತಕ್ಷಣ ಪರದೆ ಎಳೆಯುವುದು ಫ್ಲಾಶ್ ತಡೆಯುವುದಕ್ಕಿಂತ ದೊಡ್ಡ ಕೆಲಸ. ಫೋಟೋದ ನಿಜವಾದ ಅಪಾಯ ಬೇರೆ. ಸೆಲ್ಫಿಗೆ ಅಂತ ಹಿಂದೆ ಹಿಂದೆ ಹೆಜ್ಜೆ ಇಡುತ್ತಾರೆ. ಬೆನ್ನ ಮೇಲಿನ ಬ್ಯಾಗು ಹೂದಾನಿಗೆ ತಾಗುತ್ತದೆ.

ಹಿತ್ತಲಬಾಗಿಲು
ಬ್ಯಾಗ್ ಬಾಗಿಲಲ್ಲೇ ಇಡಿಸಿಕೊಳ್ಳಿ. ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಇಸ್ತ್ರಿಮೇಜು
ಎಲ್ಲರೂ ಹಾನಿಯನ್ನೇ ಹೇಳುತ್ತಿದ್ದೀರಿ. ಜನ ಬಂದು ನಮಗೆ ಕೊಟ್ಟದ್ದನ್ನೂ ಹೇಳಬೇಕು ಅನಿಸಿತು.

ನಾನು ಕೆಲಸ ಮಾಡುವ ಮನೆಯಲ್ಲಿ ಒಮ್ಮೆ ಅಕ್ಕಪಕ್ಕದವರಿಗೆ ಅಂತ ಒಂದು ಮಧ್ಯಾಹ್ನ ಇಟ್ಟಿದ್ದೆವು. ಟಿಕೆಟ್ ಇಲ್ಲ, ಭಾಷಣ ಇಲ್ಲ. ವಯಸ್ಸಾದ ಒಬ್ಬರು ಮಗಳ ಕೈ ಹಿಡಿದು ಬಂದರು. ಮಾಳಿಗೆಯ ಕೋಣೆಯಲ್ಲಿ ಒಂದು ಮೇಜು ಇದೆ. "ಯಜಮಾನರ ಬರೆಯುವ ಮೇಜು" ಅಂತ ಅದರ ಮುಂದೆ ಚೀಟಿ. ಮೇಲೆ ಹಸಿರು ಬಟ್ಟೆ, ಮಸಿಕುಡಿಕೆ, ಲೇಖನಿ. ಆ ಅಜ್ಜಿ ನಿಂತು ನೋಡಿದರು. "ಇದು ಬರೆಯುವ ಮೇಜಲ್ಲಮ್ಮ. ಇದರ ಮೇಲೆ ನಾನು ಇಸ್ತ್ರಿ ಮಾಡ್ತಿದ್ದೆ. ಆ ಮೂಲೆ ಎತ್ತಿ ನೋಡು" ಅಂದರು. ಹದಿನಾಲ್ಕರ ವಯಸ್ಸಿನಲ್ಲಿ ಅವರು ಆ ಮನೆಯಲ್ಲಿ ಕೆಲಸಕ್ಕಿದ್ದರಂತೆ.

ಕ್ಯುರೇಟರ್ ಬಂದು ಬಟ್ಟೆ ಮಡಚಿದರು. ಎಡ ಮೂಲೆಯಲ್ಲಿ ಕಪ್ಪಗೆ ಸುಟ್ಟ ಗುರುತು. ಮುಂದೆ ಚೂಪು, ಹಿಂದೆ ಅಗಲ, ಥೇಟ್ ಇಸ್ತ್ರಿಪೆಟ್ಟಿಗೆಯ ಆಕಾರ. ಅಜ್ಜಿ ಅದರ ಮೇಲೆ ಅಂಗೈ ಇಟ್ಟರು. "ಅವತ್ತು ಬೈಸಿಕೊಂಡಿದ್ದೆ" ಅಂದರು. ನಾವು ಯಾರೂ ಮಾತಾಡಲಿಲ್ಲ.

ಈಗ ಚೀಟಿ ಬದಲಾಗಿದೆ. ಬಟ್ಟೆ ತೆಗೆದಿದ್ದೇವೆ. ಎಷ್ಟೋ ವರ್ಷ ಅದನ್ನು ಬರೆಯುವ ಮೇಜು ಅಂತ ನಾನೇ ಜನಕ್ಕೆ ಹೇಳಿದ್ದೆ. ಆ ಮಧ್ಯಾಹ್ನ ಇಡದೇ ಇದ್ದಿದ್ದರೆ ಇವತ್ತಿಗೂ ಅದನ್ನೇ ಹೇಳುತ್ತಿದ್ದೆ.

ಗಾಳಿಕಿಟಕಿ
ಇದನ್ನೇ ನಾನು ಹೇಳುತ್ತಿದ್ದದ್ದು!

ಬೀಗದಕೈ
ಇದಕ್ಕೆ ನನ್ನ ತಕರಾರಿಲ್ಲ. ಆದರೆ ಅವತ್ತು ಎಷ್ಟು ಜನ ಬಂದಿದ್ದರು?

ಇಸ್ತ್ರಿಮೇಜು
ಒಟ್ಟು 30. ಒಂದೊಂದು ಕೋಣೆಗೆ 6 ಜನ. ಜನ ಕಮ್ಮಿ ಇದ್ದದ್ದಕ್ಕೇ ಅಜ್ಜಿಗೆ ನಿಂತು ಮಾತಾಡಲು ಆಯ್ತು. ಅದು ನಿಮ್ಮ ಮಾತಿಗೆ ಬಲ, ಒಪ್ಪುತ್ತೇನೆ.

ಹಳೇಪತ್ರ
ಕೆಲಸದವರ ಕಥೆ ಇಂಥ ಮನೆಗಳಲ್ಲಿ ಬಹಳ ದಿನ ಹೊರಗೇ ಉಳಿದಿತ್ತು. ನ್ಯೂಯಾರ್ಕ್‌ನ ಟೆನಮೆಂಟ್ ಮ್ಯೂಸಿಯಂ 1988ರಲ್ಲಿ ಶುರುವಾದದ್ದು ಸಾಮಾನ್ಯರ ಬದುಕು ತೋರಿಸಲಿಕ್ಕೇ. 97 ಆರ್ಚರ್ಡ್ ಸ್ಟ್ರೀಟ್‌ನ ಆ ಕಟ್ಟಡದಲ್ಲಿ 1863ರಿಂದ 1935ರವರೆಗೆ ಸುಮಾರು 7,000 ಜನ ಬಾಡಿಗೆಗೆ ಬಾಳಿದ್ದರು. ಇಕ್ಕಟ್ಟಾದ ಕೋಣೆಗಳು. ಗೈಡ್ ಜೊತೆ ಸಣ್ಣ ಗುಂಪಾಗಿ ಕರೆದುಕೊಂಡು ಹೋಗಿ ಒಂದೊಂದು ಕುಟುಂಬದ ಕಥೆ ಹೇಳುತ್ತಾರೆ.

ಕಿರುಬೆರಳು
ಆಂಸ್ಟರ್‌ಡ್ಯಾಮ್‌ನ ಆನ್ ಫ್ರಾಂಕ್ ಮನೆ ಕೂಡ ನೆನಪಾಯಿತು. ಕೆಡವಲು ಹೊರಟಿದ್ದ ಕಟ್ಟಡ ಅದು. ಉಳಿಸಲೇಬೇಕು ಅಂತ 1957ರಲ್ಲಿ ಪ್ರತಿಷ್ಠಾನ ಕಟ್ಟಿದರು, 1960ರಲ್ಲಿ ಜನರಿಗೆ ತೆರೆದರು. ನಾಜಿಗಳಿಂದ ತಪ್ಪಿಸಿಕೊಳ್ಳಲು ಆನ್ ಕುಟುಂಬ ಅಡಗಿದ್ದ ಕೋಣೆಗಳನ್ನು ಅವಳ ತಂದೆ ಆಟೋ ಫ್ರಾಂಕ್ ಅವರ ಇಚ್ಛೆಯಂತೆ ಖಾಲಿಯೇ ಬಿಟ್ಟಿದ್ದಾರೆ. ಏನೂ ಇಲ್ಲದ ಕೋಣೆಯೂ ಎಷ್ಟು ಮಾತಾಡುತ್ತದೆ ಅಲ್ವಾ?

ಸಂಬಳದಮಾತು
ವಿಷಯ ಎಲ್ಲೆಲ್ಲಿಗೋ ಹೋಯಿತು. ಮೂಲ ಪ್ರಶ್ನೆ ಸ್ವಯಂಸೇವಕರದ್ದು. ತಿಂಗಳಿಗೆ 3 ಕಾರ್ಯಕ್ರಮ ಮಾಡುವಷ್ಟು ಕೆಲಸ ಇದ್ದರೆ ಸಂಬಳ ಕೊಟ್ಟು ಜನ ಇಡಬೇಕು. ಪ್ರೀತಿಯಿಂದ ಬರುವವರ ಮೇಲೆ ಅಷ್ಟು ಹೊರೆ ಹಾಕುವುದು ತಪ್ಪು. 9 ಜನ ಬಿಟ್ಟು ಹೋಗಿದ್ದಾರೆ ಅಂದರೆ ಅವರೆಲ್ಲ ಉತ್ತರ ಕೊಟ್ಟು ಹೋದ ಹಾಗೆ.

ದೀಪದಕುಡಿ
ಸಂಬಳ ಕೊಡುವ ಶಕ್ತಿ ಇರುವ ಮ್ಯೂಸಿಯಂ ಎಷ್ಟಿವೆ? ನಾನು ಬರುವುದು ಮನೆಯ ಮೇಲಿನ ಪ್ರೀತಿಯಿಂದ. ಸಂಬಳ ಕೇಳಿದರೆ ಬಾಗಿಲು ಹಾಕುತ್ತಾರೆ ಅಷ್ಟೇ.

ಸಂಬಳದಮಾತು
ನೀವು ಬರುವುದನ್ನು ನಾನು ಗೌರವಿಸುತ್ತೇನೆ. ಆದರೆ ರಾತ್ರಿ ಹತ್ತಕ್ಕೆ ಕುರ್ಚಿ ಹೊರುವುದು, ಶೌಚಾಲಯ ತೊಳೆಯುವುದು, ಕಸ ಹಾಕುವುದು ಮನೆಯ ಕಥೆ ಹೇಳುವ ಕೆಲಸ ಅಲ್ಲ. ಅದಕ್ಕಾದರೂ ಜನ ಇಡಲಿ. ಕಾರ್ಯಕ್ರಮದ ಖರ್ಚಿನಲ್ಲಿ ಅದನ್ನೂ ಸೇರಿಸಲಿ. ಆ ಖರ್ಚು ಹುಟ್ಟದಿದ್ದರೆ ಆ ಕಾರ್ಯಕ್ರಮ ಮಾಡುವ ಶಕ್ತಿ ಮ್ಯೂಸಿಯಂಗೆ ಇಲ್ಲ ಅಂತಲೇ ಅರ್ಥ.

ಗಾಳಿಕಿಟಕಿ
ಕಷ್ಟದ ಮಾತು, ಆದರೆ ಇದು ಸರಿ.

ಹೊಸಬ_21
ನಾನು ಕಾಲೇಜಿನಲ್ಲಿ ಓದುತ್ತಿದ್ದೇನೆ. ಆರು ತಿಂಗಳು ಒಂದು ಮನೆ-ಮ್ಯೂಸಿಯಂಗೆ ಹೋದೆ, ಆಮೇಲೆ ಬಿಟ್ಟೆ. ಹೊರೆ ಜಾಸ್ತಿ ಆಗಿ ಬಿಡಲಿಲ್ಲ. ಆರು ತಿಂಗಳೂ ಬಾಗಿಲ ಹತ್ತಿರ ನಿಂತು "ಚಪ್ಪಲಿ ಇಲ್ಲಿ ಬಿಡಿ" ಅಂದದ್ದೇ ಕೆಲಸ. ಒಂದು ಸಲ ಪುಸ್ತಕದ ಕಪಾಟು ಒರೆಸಲು ಕೇಳಿದೆ. "ನಿನಗೆ ಗೊತ್ತಾಗಲ್ಲ" ಅಂದರು. ಕಲಿಸಿದರೆ ಗೊತ್ತಾಗುತ್ತಿತ್ತು.

ಮೂರನೇಮೆಟ್ಟಿಲು
ಹೊಸಬ_21, ನಿಮ್ಮ ಮಾತು ಓದಿ ಬೇಜಾರಾಯಿತು. ನಮ್ಮಲ್ಲಿ ಬಿಟ್ಟವರಲ್ಲಿ 4 ಜನ ನಿಮ್ಮ ವಯಸ್ಸಿನವರೇ. ಅವರನ್ನು ಯಾಕೆ ಅಂತ ನಾನು ಕೇಳಲೇ ಇಲ್ಲ.

ಮೆತ್ತನೆಬ್ರಷ್
ಹೊಸಬ_21 ಅವರೇ, ಈಗಲೇ ಕಲಿಯಿರಿ. ಪುಸ್ತಕವನ್ನು ಕಪಾಟಿನಿಂದ ತೆಗೆಯುವಾಗ ಬೆನ್ನಿನ ಮೇಲ್ತುದಿಗೆ ಬೆರಳು ಸಿಕ್ಕಿಸಿ ಎಳೆಯಬಾರದು, ಅಲ್ಲೇ ಹರಿಯುತ್ತದೆ. ಅಕ್ಕಪಕ್ಕದ ಪುಸ್ತಕಗಳನ್ನು ಸ್ವಲ್ಪ ಒಳಗೆ ತಳ್ಳಿ, ಬೇಕಾದ್ದನ್ನು ನಡುವಿನಲ್ಲಿ ಹಿಡಿದು ತೆಗೆಯಿರಿ. ಮುಚ್ಚಿದ ಪುಸ್ತಕವನ್ನು ಗಟ್ಟಿಯಾಗಿ ಹಿಡಿದು, ಮೆತ್ತನೆ ಬ್ರಷ್‌ನಿಂದ ಮೇಲಂಚಿನ ಧೂಳನ್ನು ಬೆನ್ನಿನ ಕಡೆಯಿಂದ ಹೊರಕ್ಕೆ ತಳ್ಳಬೇಕು. ಇನ್ನೊಂದು ಕೈಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಬಾಯಿ ಹತ್ತಿರ ಇಟ್ಟುಕೊಳ್ಳಿ. ಬಾಯಿಗೆ ಜಾಲರಿ ಬಟ್ಟೆ ಕಟ್ಟಿರಬೇಕು, ಏನಾದರೂ ಚೂರು ಕಳಚಿದರೆ ಅದರಲ್ಲಿ ಸಿಗುತ್ತದೆ. ಕುರ್ಚಿಯನ್ನು ಎಂದೂ ಅದರ ತೋಳು ಹಿಡಿದಾಗಲಿ ಬೆನ್ನು ಹಿಡಿದಾಗಲಿ ಎತ್ತಬೇಡಿ. ಕೂರುವ ಚೌಕಟ್ಟಿನ ಕೆಳಗೆ ಕೈ ಹಾಕಿ ಎತ್ತಿ.

ಅಲೆಮಾರಿ_ಓದುಗ
ಬಿಳಿ ಹತ್ತಿ ಗ್ಲೌಸ್ ಹಾಕಿಕೊಂಡು ಅಲ್ವಾ?

ಮೆತ್ತನೆಬ್ರಷ್
ಪುಸ್ತಕಕ್ಕೆ ಬೇಡ. ಗ್ಲೌಸ್ ಹಾಕಿದರೆ ಬೆರಳಿಗೆ ಕಾಗದದ ಸ್ಪರ್ಶ ಸಿಗುವುದಿಲ್ಲ, ಹಾಳೆ ಹರಿಯುವುದೇ ಜಾಸ್ತಿ. ಕೈ ತೊಳೆದು ಚೆನ್ನಾಗಿ ಒಣಗಿಸಿಕೊಂಡರೆ ಸಾಕು. ಲೋಹ, ಫೋಟೋಗಳಿಗೆ ನೈಟ್ರೈಲ್ (ತೆಳು ರಬ್ಬರಿನಂಥ) ಗ್ಲೌಸ್ ಬೇಕು, ಬೆವರಿನಿಂದ ಬೆರಳಚ್ಚು ಉಳಿದು ಬಿಡುತ್ತದೆ.

ಹೊಸಬ_21
ಇಷ್ಟನ್ನು ಆರು ತಿಂಗಳಲ್ಲಿ ಯಾರೂ ಹೇಳಿರಲಿಲ್ಲ. ಧನ್ಯವಾದ.

ಕಿರುಬೆರಳು
ಮೂರನೇಮೆಟ್ಟಿಲು ಅವರಿಗೆ ಒಂದು ಉಪಾಯ. ಇಂಗ್ಲೆಂಡ್‌ನ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆ ಕಾಪಾಡುವ ಹಳೇ ಮನೆಗಳಲ್ಲಿ ಕೂರಬಾರದ ಕುರ್ಚಿಯ ಮೇಲೆ ಪೈನ್ ಕಾಯಿ ಅಥವಾ ಮುಳ್ಳಿನ ಒಣ ಹೂ ಇಡುತ್ತಾರೆ. ಬೋರ್ಡ್ ಬೇಡ, ಹಗ್ಗ ಬೇಡ, ಬೈಗುಳ ಬೇಡ. ನೋಡಿದವರಿಗೆ ತಾನಾಗೇ ಅರ್ಥ ಆಗುತ್ತದೆ. ನಾವು ಮಾಡಿ ನೋಡಿದೆವು, ಮಕ್ಕಳು ಕೂಡ ಕೂರುವುದಿಲ್ಲ. ಹಾಗೇ ಹಸಿ ಹೂವಿನ ಅಲಂಕಾರ ಕೇಳಿದರೆ ಬೇಡ ಅನ್ನಿ. ಹೂವಿನ ಜೊತೆ ಹುಳ ಒಳಗೆ ಬರುತ್ತವೆ. ಲಿಲ್ಲಿ ಹೂವಿನ ಪರಾಗ ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ.

ಹಿತ್ತಲಬಾಗಿಲು
ಊಟ ತಿಂಡಿಯನ್ನೂ ಹೊರಗೇ ಇಡಿಸಿ. ಬಿದ್ದ ಚೂರುಗಳಿಗೆ ಜಿರಳೆ, ಇಲಿ ಬರುತ್ತವೆ. ಒಮ್ಮೆ ಬಂದರೆ ಅವು ತಿಂಡಿಗಷ್ಟೇ ನಿಲ್ಲುವುದಿಲ್ಲ.

ಸಂಬಳದಮಾತು
ಇವೆಲ್ಲ ಸರಿ. ಆದರೆ ಸಮಿತಿ ಒಪ್ಪಬೇಕಲ್ಲ. ಮೂರನೇಮೆಟ್ಟಿಲು ಅವರೇ, ನಿಮ್ಮ ಕಡೆಯಿಂದ ಒಬ್ಬರಾದರೂ ಸಮಿತಿ ಸಭೆಯಲ್ಲಿ ಕೂರುತ್ತಾರಾ?

ಮೂರನೇಮೆಟ್ಟಿಲು
ಇಲ್ಲ. ಕಾರ್ಯಕ್ರಮದ ತಾರೀಕು ನಮಗೆ ಫೋನಿನ ಗುಂಪಿನಲ್ಲಿ ಬರುತ್ತದೆ, ಅಷ್ಟೇ.

ಬೀಗದಕೈ
ಅಲ್ಲಿಂದ ಶುರು ಮಾಡಿ. ಕೋಣೆಯನ್ನು ದಿನಾ ನೋಡುವವರಿಗೇ ಕೋಣೆ ಎಷ್ಟು ತಡೆಯುತ್ತದೆ ಅನ್ನುವುದು ಗೊತ್ತು. ನಾನು ಮೊದಲು ಒಳಗೆ ಕಾರ್ಯಕ್ರಮವೇ ಬೇಡ ಅಂದಿದ್ದೆ. ಇಸ್ತ್ರಿಮೇಜು ಅವರ ಮಾತು ಓದಿದ ಮೇಲೆ ಅಷ್ಟು ಹಟ ಇಲ್ಲ. ಆದರೆ "ಸಾಕು" ಅನ್ನುವ ಅಧಿಕಾರ ಬಾಗಿಲಲ್ಲಿ ನಿಂತವರಿಗೆ ಇರಲೇಬೇಕು.

ಮೂರನೇಮೆಟ್ಟಿಲು
(ಎರಡು ವಾರದ ನಂತರ ಬರೆಯುತ್ತಿದ್ದೇನೆ.)

ನಾವು 13 ಜನ ಮೊದಲು ಹಿತ್ತಲಲ್ಲಿ ಕೂತು ಮಾತಾಡಿದೆವು. ಆಮೇಲೆ ನಾನು ಮತ್ತು ಇನ್ನೊಬ್ಬರು ಸಮಿತಿ ಮುಂದೆ ಹೋದೆವು. ಮುರಿದ ಕುರ್ಚಿಯನ್ನು ಎತ್ತಿಕೊಂಡೇ ಹೋದೆವು, ಚೌಕಟ್ಟಿನ ಕೆಳಗೆ ಕೈ ಹಾಕಿ. ಅದನ್ನು ಮೇಜಿನ ಪಕ್ಕ ಇಟ್ಟು ಮಾತು ಶುರು ಮಾಡಿದೆ. ಒಂದು ಗಂಟೆ ಜಗಳವೇ ಆಯಿತು. ಕಡೆಗೆ ಸ್ವಲ್ಪ ಒಪ್ಪಿದರು. ಒಳಗೆ ತಿಂಗಳಿಗೆ ಒಂದೇ ಕಾರ್ಯಕ್ರಮ, 35 ಜನಕ್ಕಿಂತ ಜಾಸ್ತಿ ಇಲ್ಲ. ಸಂಗೀತ ಹಿತ್ತಲಿಗೆ ಹೋಯಿತು. ಕಾರ್ಯಕ್ರಮದ ಮರುದಿನ ಮನೆ ಮುಚ್ಚಿರುತ್ತದೆ, ಅವತ್ತು ನಾವು ಕೋಣೆ ಕೋಣೆ ನೋಡಿ ಬರೆದಿಡುತ್ತೇವೆ. ಕುರ್ಚಿ ಹಾಕಿ ತೆಗೆಯಲು ಇಬ್ಬರನ್ನು ಸಂಬಳಕ್ಕೆ ಇಡುತ್ತಾರೆ. ಸಭೆಯಲ್ಲಿ ನಮಗೊಂದು ಜಾಗ ಕೇಳಿದೆವು, ಅದನ್ನು ಇನ್ನೂ ಒಪ್ಪಿಲ್ಲ. ಮುಂದಿನ ತಿಂಗಳು ಮತ್ತೆ ಕೇಳುತ್ತೇವೆ.

ಬೆಂಕಿಯ ಪಟ್ಟಿ ತಯಾರಾಗುತ್ತಿದೆ. ಬಿಟ್ಟು ಹೋದ ನಾಲ್ಕು ಹುಡುಗರಿಗೆ ನಾನೇ ಫೋನ್ ಮಾಡಿದೆ. ಇಬ್ಬರು ಶನಿವಾರ ಬರುತ್ತಾರೆ. ಪುಸ್ತಕದ ಕಪಾಟು ಒರೆಸುವುದನ್ನು ಹೇಳಿಕೊಡುತ್ತೇನೆ ಅಂದಿದ್ದೇನೆ.

ಗಾಳಿಕಿಟಕಿ
ಕುರ್ಚಿ ಎತ್ತಿಕೊಂಡು ಹೋದದ್ದು ತುಂಬಾ ಒಳ್ಳೆಯ ಕೆಲಸ.

ಇಸ್ತ್ರಿಮೇಜು
ಅದರ ರಿಪೇರಿ ಏನಾಯ್ತು? ಹೊಸ ಬೆತ್ತ ಹೆಣೆಸುತ್ತೀರಾ?

ಮೆತ್ತನೆಬ್ರಷ್
ಹೆಣೆಸುವ ಮೊದಲು ಹಳೇ ಬೆತ್ತದ ಫೋಟೋ ತೆಗೆದು, ಕಿತ್ತ ಎಳೆಗಳನ್ನು ಕವರಿನಲ್ಲಿ ಹಾಕಿ ಹೆಸರು ಬರೆದಿಡಿ. ಹೆಣಿಗೆಯ ಕ್ರಮ ಆಮೇಲೆ ಬೇಕಾಗುತ್ತದೆ.

ಮೂರನೇಮೆಟ್ಟಿಲು
ಎಳೆಗಳನ್ನು ಅವತ್ತು ರಾತ್ರಿಯೇ ಆರಿಸಿ ತೆಗೆದಿಟ್ಟಿದ್ದೆ. 11 ಎಳೆ. ನಾಳೆ ಕವರಿನಲ್ಲಿ ಹಾಕುತ್ತೇನೆ. ಬೆತ್ತ ಹೆಣೆಯುವವರು ಮುಂದಿನ ವಾರ ಬಂದು ನೋಡುತ್ತಾರೆ. ಹೊಸಬ_21 ಅವರೇ, ನಿಮಗೆ ಹತ್ತಿರ ಆದರೆ ನೀವೂ ಬನ್ನಿ. ಹೇಗೆ ಹೆಣೆಯುತ್ತಾರೆ ಅಂತ ಪಕ್ಕದಲ್ಲಿ ಕೂತು ನೋಡಬಹುದು.

ಹೊಸಬ_21
ಖಂಡಿತ ಬರುತ್ತೇನೆ. ಎಷ್ಟು ಗಂಟೆಗೆ?